ಏನೂ ಸಿಗದವರ ಪಟ್ಟಿ

ಅಂದು ಬೆಳಗ್ಗೆ ಎದ್ದ ಗಾಳಿ ಒಂಬತ್ತಾದರೂ ಇಳಿದಿರಲಿಲ್ಲ. ಬಸ್ ನಿಲ್ದಾಣದ ತಗಡಿನ ಮಾಡು ಪಟಪಟ ಬಡಿದುಕೊಳ್ಳುತ್ತಿತ್ತು. ಹರಿದ ಟಿಕೆಟ್ಟುಗಳು, ಒಣಗಿದ ಎಲೆಗಳು, ಯಾರದೋ ಕರವಸ್ತ್ರ, ಎಲ್ಲವೂ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿಬಂದು ಕೊನೆಯ ಕೊಠಡಿಯ ಬಾಗಿಲಿಗೆ ಸಿಕ್ಕಿಕೊಂಡಿದ್ದವು.

"ನೋಡಕ್ಕ, ಕಳೆದದ್ದನ್ನ ಎಲ್ಲಿಗೆ ತಂದು ಹಾಕ್ಬೇಕು ಅಂತ ಗಾಳಿಗೂ ಗೊತ್ತಾಗಿದೆ" ಎಂದು ಗುಡಿಸುವವನು ನಕ್ಕ.

ಕಿಟಕಿ ಅಕ್ಕ ನಗಲಿಲ್ಲ. ಕರವಸ್ತ್ರವನ್ನು ಎತ್ತಿ, ಕೊಡವಿ, ಎರಡೂ ಬದಿ ನೋಡಿದಳು. ಗಾಳಿಯೇ ತಂದದ್ದೋ, ಇವನು ತಂದು ಹಾಕಿದ್ದೋ? ಅವನ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ ಬೀಗದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಅವರವರದು ಅವರವರಿಗೆ ಸೇರಲಿ ದೇವರೇ, ನನ್ನ ಕೈಯಿಂದ ತಪ್ಪು ಆಗದಿರಲಿ. ದಿನವೂ ಇಷ್ಟೇ ಬೇಡಿಕೆ. ತನಗಾಗಿ ಅಂತ ಬೇರೇನನ್ನೂ ಅವಳು ಆ ಬಾಗಿಲಲ್ಲಿ ಕೇಳಿದವಳಲ್ಲ.

ಬಸ್ಸುಗಳಲ್ಲಿ ಜನ ಮರೆತುಹೋದ ವಸ್ತುಗಳನ್ನು ಕಾಯುವ ಕೊಠಡಿ ಅದು. ಇಪ್ಪತ್ತೆರಡು ವರ್ಷದಿಂದ ಅದರ ಕಿಟಕಿಯ ಹಿಂದೆ ಅವಳೇ ಕೂರುತ್ತಿದ್ದಳು; ಹಾಗಾಗಿ ಹೆಸರಿಗಿಂತ ಕಿಟಕಿಯೇ ಅವಳಿಗೆ ಅಂಟಿಕೊಂಡಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಹಲಗೆಗಳು. ಕೊಡೆಗಳಿಗೆ ಒಂದು ಮೂಲೆ, ಊಟದ ಡಬ್ಬಿಗಳಿಗೆ ಒಂದು, ಒಂಟಿ ಚಪ್ಪಲಿಗಳಿಗೆ ಒಂದು. ಯಾರೋ ಬಿಟ್ಟುಹೋದ ಊರುಗೋಲುಗಳೂ ಎರಡಿದ್ದವು. ಕುಂಟುತ್ತಾ ಹತ್ತಿದವನು ನೆಟ್ಟಗೆ ಇಳಿದು ಹೋದನೋ ಏನೋ, ಅದನ್ನು ಮೇಲಿರುವವನೇ ಬಲ್ಲ.

ವಸ್ತು ಕೇಳಲು ಬಂದವರಿಗೆ ತನ್ನಲ್ಲಿ ಏನಿದೆ ಎಂದು ಅವಳು ಎಂದೂ ಹೇಳುತ್ತಿರಲಿಲ್ಲ. ಅವರಿಂದಲೇ ಹೇಳಿಸುತ್ತಿದ್ದಳು. ನಿಜವಾಗಿ ಕಳೆದುಕೊಂಡವರು ಬಣ್ಣ, ಅಳತೆ ಹೇಳುವುದಿಲ್ಲ, ವಸ್ತುವಿನ ಚಾಳಿ ಹೇಳುತ್ತಾರೆ: ಕೊಡೆ ಬಿಚ್ಚುವಾಗ ಬೆರಳು ಕಚ್ಚುತ್ತೆ, ಡಬ್ಬಿ ಮುಚ್ಚಳ ತೆಗೆಯೋಕೆ ತೊಡೆಗೆ ಒತ್ತಿ ಹಿಡೀಬೇಕು. ಅಂಥ ಮಾತು ಬಂದರೆ ಅವಳು ಏಳುತ್ತಿದ್ದಳು. ಬಾರದಿದ್ದರೆ ಕೂತೇ ಇರುತ್ತಿದ್ದಳು.

ಮೂರು ತಿಂಗಳ ಹಿಂದೆ ಕಿಟಕಿಯ ಹೊರಗಡೆ ಗೋಡೆಗೆ ಒಂದು ಪರದೆ ಬಂತು. ಅದನ್ನು ಮಾಡಿದವಳು ಮೂವತ್ತೈದರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ಕಣ್ಣು ಹೆಚ್ಚು. ಪರದೆ ಹಾಕುವ ಮೊದಲು ಎರಡು ವಾರ ಅಕ್ಕನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಬಂದವರು ಆಡಿದ್ದನ್ನೆಲ್ಲ ಕೇಳುತ್ತಾ ಕೂತಿದ್ದಳು. ಅಕ್ಕನ ದಪ್ಪ ಪುಸ್ತಕದಲ್ಲಿದ್ದುದನ್ನೆಲ್ಲ ಒಂದಕ್ಷರ ಬಿಡದೆ ಯಂತ್ರಕ್ಕೆ ಇಳಿಸಿಕೊಂಡಳು. ಈಗ ಪ್ರಯಾಣಿಕರು ತಮ್ಮ ವಸ್ತುವನ್ನು ಪರದೆಯ ಮೇಲೆ ತಾವೇ ಹುಡುಕಬಹುದಿತ್ತು. ಅಕ್ಷರಗಳು ದಪ್ಪ. ಜನರಿಗೆ ತಾರೀಖು ನೆನಪಿರುವುದಿಲ್ಲ ಎಂದು ಕಂಡುಕೊಂಡು, ತಾರೀಖಿನ ಜಾಗದಲ್ಲಿ 'ಸುಮಾರು ಆ ವಾರ' ಎಂಬ ಗುಂಡಿಯನ್ನು ಇಟ್ಟಿದ್ದಳು. ಏನೂ ಸಿಗದೇ ಹೋದರೆ ಒತ್ತಿದ ಅಕ್ಷರಗಳು ಅಳಿಸಿಹೋಗುತ್ತಿರಲಿಲ್ಲ, ತಿದ್ದಿಕೊಳ್ಳಲೆಂದು ಅಲ್ಲೇ ಕಾದಿರುತ್ತಿದ್ದವು. ಇವೆಲ್ಲ ಒಳ್ಳೆಯ ಬುದ್ಧಿಯೇ ಎಂದು ಅಕ್ಕ ಮನಸ್ಸಿನೊಳಗೆ ಒಪ್ಪಿದ್ದಳು, ಬಾಯಲ್ಲಿ ಹೇಳಿರಲಿಲ್ಲ.

ಒಪ್ಪದಿದ್ದದ್ದು ಒಂದೇ. 'ಕಪ್ಪು' ಎಂದು ಒತ್ತಿದರೆ ಸಾಕು, ಅಕ್ಕ ಪುಸ್ತಕದಲ್ಲಿ ಬರೆದ ಮುಂದಿನ ಮಾತನ್ನು ಪರದೆ ತಾನೇ ಕೆಳಗೆ ಇಳಿಬಿಡುತ್ತಿತ್ತು. ಟೈಪ್ ಮಾಡಲು ಕಷ್ಟಪಡುವವರಿಗೆ ಅನುಕೂಲ ಆಗಲಿ ಎಂದು ಮಾಡಿದ್ದಂತೆ. ಅನುಕೂಲ ಆಗಿದ್ದು ಒಬ್ಬ ಕಳ್ಳನಿಗೆ. ಎರಡನೇ ವಾರದಲ್ಲಿ ಅವನು ಬಂದು, ಕಪ್ಪು ಕ್ಯಾಮೆರಾ, ಪಟ್ಟಿಗೆ ಹಳದಿ ದಾರದ ಹೊಲಿಗೆ ಎಂದು ಪಟಪಟ ಹೇಳಿ, ರುಜು ಹಾಕಿ ತೆಗೆದುಕೊಂಡು ಹೋದ. ಮೂರು ದಿನದ ಮೇಲೆ ನಿಜವಾದವನು ಬಂದ. ಅಕ್ಕನಿಗೆ ಮೇಲಿನಿಂದ ಕಾಗದ ಬಂತು: ಇನ್ನೊಮ್ಮೆ ಹೀಗಾದರೆ ಕಿಟಕಿಯಿಂದ ಎಬ್ಬಿಸಲಾಗುವುದು. ಆ ಇಳಿಬೀಳುವ ಮಾತನ್ನು ತೆಗೆಯಿರಿ ಎಂದು ಅವಳು ಪರದೆಯವಳಿಗೆ ಹೇಳಿದಳು. "ನಾನೂ ಬರೆದು ಕೊಟ್ಟಿದ್ದೀನಿ ಅಕ್ಕ. ಮೇಲಿನವರಿಗೆ ಇಷ್ಟ ಆಗಿದ್ದು ಅದೊಂದೇ. ಆರ್ಡರ್ ಬರ್ಲಿ ಅಂತಾರೆ" ಎಂಬ ಉತ್ತರ ಬಂತು. ಅಂದಿನಿಂದ ಅಕ್ಕ ಒಂದು ಗೆರೆ ಎಳೆದುಕೊಂಡಿದ್ದಳು. ತನ್ನ ಪುಸ್ತಕದ ಮಾತನ್ನು ಯಾರು ತನಗೇ ಒಪ್ಪಿಸುತ್ತಾರೋ ಅವರು ಕಳ್ಳರು.

ಹತ್ತೂಕಾಲಿನ ಹೊತ್ತಿಗೆ ಆ ಗಾಳಿಯಲ್ಲಿ ಟೋಪಿಯನ್ನು ಒತ್ತಿ ಹಿಡಿದುಕೊಂಡು ಒಬ್ಬ ಅರವತ್ತರ ಮನುಷ್ಯ ಕಿಟಕಿಗೆ ಬಂದ. ಅದಕ್ಕೂ ಮೊದಲು ಸುಮಾರು ಹೊತ್ತು ಪರದೆಯ ಮುಂದೆ ನಿಂತಿದ್ದನ್ನು ಅಕ್ಕ ಓರೆಗಣ್ಣಿನಲ್ಲಿ ನೋಡಿದ್ದಳು.

"ಏನು ಕಳ್ಕೊಂಡಿದ್ದೀರಿ ಯಜಮಾನ್ರೇ?"

"ಕತ್ತರಿ ಅಮ್ಮಾ."

"ಎಂಥಾ ಕತ್ತರಿ?"

ಆತ ಗಂಟಲು ಸರಿಮಾಡಿಕೊಂಡ. ಪರದೆಯ ಕಡೆ ಒಮ್ಮೆ ತಿರುಗಿ ನೋಡಿ, ಪಾಠ ಒಪ್ಪಿಸುವವನಂತೆ ಹೇಳಿದ: "ದೊಡ್ಡ ಕತ್ತರಿ, ಕಬ್ಬಿಣದ್ದು, ಕಪ್ಪು ಹಿಡಿ, ಮೊಂಡು, ಹಸಿರು ಬಟ್ಟೆಯಲ್ಲಿ ಸುತ್ತಿದೆ."

ಅಕ್ಕನ ಪೆನ್ನು ನಿಂತಿತು. ಅದೇ ಮಾತು, ಅದೇ ಸಾಲು. 'ಮೊಂಡು' ಎಂಬುದಂತೂ ಅವಳದೇ ಸ್ವಂತ ಶೋಧ. ಕಂಡಕ್ಟರ್ ತಂದುಕೊಟ್ಟ ದಿನ ಹಳೇ ಪೇಪರಿನ ಅಂಚಿಗೆ ಹಾಕಿ ನೋಡಿದ್ದಳು, ಕಾಗದ ತುಂಡಾಗದೆ ಮಡಚಿಕೊಂಡಿತ್ತು.

"ಏನು ಕೆಲಸ ನಿಮ್ದು?"

"ಟೈಲರು. ನಲವತ್ತು ವರ್ಷ ಆಯ್ತು."

"ನಲವತ್ತು ವರ್ಷದ ಟೈಲರು ಮೊಂಡು ಕತ್ತರಿ ಇಟ್ಕೊಂಡಿದ್ರಾ?"

"ಅದು... ಮೊಂಡು ಇರ್ಲಿಲ್ಲ ಅಮ್ಮಾ. ಆದ್ರೆ ಇಲ್ಲಿ ಹಂಗೆ ಬರೆದಿದೆಯಲ್ಲ. ಮೂರು ತಿಂಗಳು ಬಿದ್ದಿತ್ತು, ಆಗಿರ್ಬೋದು ಅಂತ..."

"ಇಲ್ಲಿ ಬರೆದಿದೆ ಅಂತ ನೀವು ಹೇಳ್ತೀರಿ. ನಾಳೆ ಇಲ್ಲಿ ಚಿನ್ನದ ಕತ್ತರಿ ಅಂತ ಬರೆದ್ರೆ ಅದೂ ನಿಮ್ದೇನಾ?"

ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬ ಕತ್ತು ಚಾಚಿದ. "ತಾತಾ, ನಂಗೂ ಸ್ವಲ್ಪ ಓದಿ ಹೇಳಿ. ಒಳ್ಳೇ ಬೂಟು ಗೀಟು ಇದ್ರೆ ನಾನೂ ಕಳ್ಕೊಂಡಿದ್ದೀನಿ." ನಾಲ್ಕೈದು ಜನ ನಕ್ಕರು.

ಆತನ ಕಿವಿ ಕೆಂಪಾಯಿತು. ಕಿಟಕಿಯ ಅಂಚಿನ ಮೇಲೆ ಊರಿದ್ದ ಬಲಗೈಯನ್ನು ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲೇ ಅಕ್ಕ ನೋಡಿಬಿಟ್ಟಿದ್ದಳು: ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ, ಪಕ್ಕದಲ್ಲಿ ಬೊಬ್ಬೆ ಎದ್ದಿದೆ. ನಲವತ್ತು ವರ್ಷ ಕತ್ತರಿ ಹಿಡಿದ ಕೈಯಂತೆ! ನಿನ್ನೆ ಮೊನ್ನೆ ಕಲಿಯಲು ಕೂತವನ ಕೈ ಇದು. ಕಳ್ಳತನಕ್ಕೆ ಬಂದವನು ಕನಿಷ್ಠ ಕೈಯನ್ನಾದರೂ ಸರಿಮಾಡಿಕೊಂಡು ಬರಬಾರದೇ ಎಂದುಕೊಂಡಳು.

"ಇಷ್ಟು ದಿನ ಎಲ್ಲಿದ್ರಿ? ಶುಕ್ರವಾರಕ್ಕೆ ತೊಂಬತ್ತು ದಿನ ಆಗುತ್ತೆ. ಆಮೇಲೆ ಎಲ್ಲಾ ಹರಾಜಿಗೆ."

"ಡಿಪೋದಲ್ಲಿ ಕೇಳ್ದೆ, ಡ್ರೈವರ್‌ಗಳನ್ನ ಕೇಳ್ದೆ. ಇಂಥ ಕೊಠಡಿ ಇದೆ ಅಂತ ಯಾರೂ ಹೇಳ್ಲಿಲ್ಲ. ಮೊನ್ನೆ ಬಸ್ಸಲ್ಲಿ ಈ ಪರದೆ ಬಗ್ಗೆ ಚೀಟಿ ಅಂಟಿಸಿದ್ರು." ಆತ ದನಿ ತಗ್ಗಿಸಿದ. "ಅಮ್ಮಾ, ಮೂವತ್ತು ಕೋಟು ಒಪ್ಕೊಂಡಿದ್ದೀನಿ. ಬೇರೆ ಕತ್ತರಿ ನನ್ನ ಕೈಗೆ ಕೂರಲ್ಲ. ಅದು ಹೋದ್ರೆ ಅಂಥದ್ದು ಮಾಡೋರು ಈಗ ಯಾರೂ ಇಲ್ಲ."

"ಎಲ್ಲರೂ ಇದನ್ನೇ ಹೇಳ್ತಾರೆ. ಫಾರಂ ತುಂಬಿ, ಅಂಗಡಿ ವಿಳಾಸ ಬರೀರಿ. ಶುಕ್ರವಾರದೊಳಗೆ ಸಾಕ್ಷಿ ತನ್ನಿ."

"ಕತ್ತರಿಗೆ ಎಂಥಾ ಸಾಕ್ಷಿ ತರ್ಲಿ?"

ಅವಳಾಗಲೇ ಮುಂದಿನವರನ್ನು ಕರೆದಿದ್ದಳು.

ಸಂಜೆ ಮನೆಯಲ್ಲಿ ಗಂಡ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಬಟಾಣಿ ಬಿಡಿಸುತ್ತಿದ್ದ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ಈಗಲೂ ಮಾತಾಡುವಾಗ ಹಿಂದಿನ ಸೀಟಿನವರಿಗೂ ಕೇಳಬೇಕು ಎನ್ನುವಂತೆ ಮಾತಾಡುತ್ತಿದ್ದ. ಅಕ್ಕ ಎಲ್ಲವನ್ನೂ ಹೇಳಿದಳು.

"ಹೆಬ್ಬೆರಳಿಗೆ ಬಟ್ಟೆ ಸುತ್ಕೊಂಡಿದ್ದ ಅಂತ ಕಳ್ಳನಾ? ನಿನ್ನ ನೋಡೋಕೆ ಬಂದ ದಿನ ನನ್ನ ಕಾಲಿಗೂ ಬ್ಯಾಂಡೇಜ್ ಇತ್ತಲ್ಲೇ."

"ಅವತ್ತೇ ಅನುಮಾನ ಪಟ್ಟಿದ್ರೆ ಚೆನ್ನಾಗಿತ್ತು."

ಗಂಡ ಜೋರಾಗಿ ನಕ್ಕ. ಒಂದು ಕಾಳು ಒಲೆಯ ಕೆಳಗೆ ಉರುಳಿತು, ಅದನ್ನು ಹುಡುಕಿ ತೆಗೆದು ಉಜ್ಜಿ ಪಾತ್ರೆಗೆ ಹಾಕಿದ. "ಒಂದು ಮಾತು ಹೇಳ್ತೀನಿ ಕೇಳು. ನನ್ನ ಹತ್ರ ಟಿಕೆಟ್ ಕೇಳೋರು ಯಾವತ್ತೂ ಬೋರ್ಡಲ್ಲಿದ್ದ ಹೆಸ್ರನ್ನೇ ಹೇಳ್ತಿದ್ರು. ಇಳಿಯುವಾಗ ಮಕ್ಕಳಿಗೆ ಹೇಳೋ ಹೆಸ್ರು ಬೇರೆ. ಹುಣಸೆಮರ ಬಂತು, ಇಳೀರೋ ಅನ್ನೋರು. ಬೋರ್ಡಲ್ಲಿ ಹುಣಸೆಮರ ಎಲ್ಲಿತ್ತು? ಕೇಳುವಾಗ ಸರ್ಕಾರದ ಮಾತು, ಇಳಿಯುವಾಗ ಮನೆ ಮಾತು."

"ನಿಮ್ಮದೇನು ರೀ, ತಪ್ಪು ಟಿಕೆಟ್ ಕೊಟ್ರೆ ಮುಂದಿನ ಸ್ಟಾಪಲ್ಲಿ ಇಳಿಸ್ತಿದ್ರಿ. ನಾನು ಕೈಬಿಟ್ಟಿದ್ದು ವಾಪಸ್ ಬರುತ್ತಾ?"

ಅವನು ಮುಂದಿನ ಬಟಾಣಿಗೆ ಕೈಹಾಕಿದ. ಕ್ಯಾಮೆರಾ ಕಳೆದುಕೊಂಡ ಆ ಹುಡುಗ ಕಿಟಕಿಯ ಮುಂದೆ ಹೇಗೆ ನಿಂತಿದ್ದ ಎಂಬುದನ್ನು ಹೆಂಡತಿ ಎಷ್ಟು ಸಲ ಹೇಳಿದ್ದಳು ಎಂಬುದು ಅವನಿಗೆ ಗೊತ್ತಿತ್ತು.

ಮರುದಿನ, ಗುರುವಾರ ಮಧ್ಯಾಹ್ನ ಪರದೆಯವಳು ಬಂದಳು. ವಾರಕ್ಕೊಮ್ಮೆ ಬರುತ್ತಿದ್ದಳು, ಮೂಲೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ಉದ್ದನೆಯ ಒಂದು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಏನೋ ಗುರುತು ಹಾಕಿಕೊಂಡು ಹೋಗುತ್ತಿದ್ದಳು. ಅದು ಅಕ್ಕನ ತಪ್ಪುಗಳ ಲೆಕ್ಕ, ನೇರ ಮೇಲಿನವರಿಗೆ ಹೋಗುತ್ತದೆ ಎಂದು ಗುಡಿಸುವವನು ಎಂದೋ ಪಿಸುಗುಟ್ಟಿದ್ದ. ಅಕ್ಕ ನಂಬಿದ್ದಳು. ನಂಬಿದ್ದರಿಂದಲೇ ಇಷ್ಟು ದಿನ ಕೇಳಿರಲಿಲ್ಲ. ಇವತ್ತು ತಡೆಯಲಾಗಲಿಲ್ಲ.

"ಏನಮ್ಮಾ ಅದು? ಮೂರು ತಿಂಗಳಿಂದ ನೋಡ್ತಿದ್ದೀನಿ. ನನ್ನ ಮೇಲೆ ಏನು ಬರ್ಕೋತೀರಿ?"

ಆಕೆ ಬೆಚ್ಚಿ ತಲೆಯೆತ್ತಿದಳು. "ನಿಮ್ಮ ಮೇಲಾ? ಅಯ್ಯೋ ಅಕ್ಕ, ಇದು ಏನೂ ಸಿಗದವರ ಪಟ್ಟಿ."

"ಅಂದ್ರೆ?"

"ಪರದೆ ಮೇಲೆ ಹುಡುಕಿ ಏನೂ ಸಿಗದೇ ಇರೋರು ಏನು ಅಂತ ಕೇಳಿದ್ರು ಅನ್ನೋದು. ಯಾರು ಅಂತ ಇರಲ್ಲ. ಮಾತು, ಹೊತ್ತು, ಅಷ್ಟೇ. ಸಿಕ್ಕಿದೋರು ಕಿಟಕಿಗೆ ಬರ್ತಾರೆ, ನಿಮಗೆ ಕಾಣ್ತಾರೆ. ಸಿಗದೋರು ಸುಮ್ನೆ ಹೊರಟು ಹೋಗ್ತಾರಲ್ಲ, ಅವರನ್ನ ಯಾರು ನೋಡ್ತಾರೆ?" ಎನ್ನುತ್ತಾ ಲ್ಯಾಪ್‌ಟಾಪನ್ನು ಅಕ್ಕನ ಕಡೆ ತಿರುಗಿಸಿದಳು. "ನೋಡಿ. ನೋಡೋಕೆ ಏನಿಲ್ಲ ಇದ್ರಲ್ಲಿ."

ಅಕ್ಕ ಕನ್ನಡಕ ಹಾಕಿಕೊಂಡಳು. ಇವಳು ಇಷ್ಟು ಸಲೀಸಾಗಿ ತೋರಿಸುತ್ತಾಳೆಂದರೆ ಇನ್ನೊಂದು ಪಟ್ಟಿ ಬೇರೆ ಇರಬೇಕು ಎಂಬ ಯೋಚನೆಯೂ ಒಮ್ಮೆ ಸುಳಿಯದೆ ಹೋಗಲಿಲ್ಲ. ಓದತೊಡಗಿದಳು. 'ಅಮ್ಮನ ಕನ್ನಡಕ.' 'ನೀಲಿ ಕೊಡೆ ಆದರೆ ಕಪ್ಪು ಥರ ಕಾಣುತ್ತೆ.' 'ಮಗು ಬಿಡದೆ ಹಿಡ್ಕೊಂಡಿರೋ ಬೊಂಬೆ.' 'ಕೆಂಪು ಬ್ಯಾಗ್ ದಯವಿಟ್ಟು.' ಯಾರೋ ಒಬ್ಬರು ಹುಡುಕುವ ಪೆಟ್ಟಿಗೆಯಲ್ಲಿ 'ಸಿಗಲಿ ದೇವರೇ' ಎಂದಷ್ಟೇ ಒತ್ತಿದ್ದರು. ಕಿಟಕಿಯವರೆಗೂ ಬಾರದೆ ತಿರುಗಿ ಹೋದ ಬೆನ್ನುಗಳೆಲ್ಲ ಸಾಲಾಗಿ ನಿಂತಂತೆ ಅವಳಿಗೆ ಅನಿಸಿತು. ಬೆರಳು ನಿಧಾನವಾಗಿ ಕೆಳಗಿಳಿಯಿತು. ಬುಧವಾರಕ್ಕೆ ಬಂದು ನಿಂತಿತು.

ಹತ್ತು ಆರು: ಎಡಗೈ ಕತ್ತರಿ.

ಹತ್ತು ಏಳು: ಎಡಗೈ ಟೈಲರ್ ಕತ್ತರಿ.

ಹತ್ತು ಒಂಬತ್ತು: ಎಡಗೈಯವರ ಕತ್ತರಿ.

"ಇದು..." ಎಂದಳು ಅಕ್ಕ.

ಪರದೆಯವಳು ಇನ್ನೇನೋ ಒತ್ತಿದಳು. "ಇವರಿಗೆ ಆಮೇಲೆ ಸಿಕ್ಕಿದೆ ಅಕ್ಕ. ಹತ್ತು ಹನ್ನೊಂದಕ್ಕೆ ಬರೀ ಕತ್ತರಿ ಅಂತ ಒತ್ತಿದಾರೆ. ನಿಮ್ಮ ಪುಸ್ತಕದ ಸಾಲು ಇಳಿದಿದೆ, ಅದನ್ನೇ ಮುಟ್ಟಿದಾರೆ. ಛೇ, ಇದು ನಾನು ಮಾಡಿದ ತಪ್ಪು. ಒತ್ತಿದ ಮಾತುಗಳಲ್ಲಿ ಒಂದು ಇಲ್ದೇ ಹೋದ್ರೂ ಏನೂ ಸಿಗಲಿಲ್ಲ ಅನ್ನುತ್ತೆ. ಎಡಗೈ ಅನ್ನೋದು ಪುಸ್ತಕದಲ್ಲಿ ಇಲ್ವಲ್ಲ. ಪಾಪ, ಮೂರು ಸಲ ಅವರ ಮಾತಲ್ಲಿ ಕೇಳಿದಾರೆ, ನಾಲ್ಕನೇ ಸಲ ನಮ್ಮ ಮಾತಲ್ಲಿ ಕೇಳಿದಾರೆ."

ಅಕ್ಕ ಎದ್ದಳು. ಮೂರನೇ ಹಲಗೆಯಿಂದ ಹಸಿರು ಬಟ್ಟೆಯ ಗಂಟನ್ನು ತಂದು ಮೇಜಿನ ಮೇಲೆ ಬಿಚ್ಚಿದಳು. ಹಳೇ ಪೇಪರಿನ ಒಂದು ಹಾಳೆ ತೆಗೆದುಕೊಂಡು, ಎಂದಿನಂತೆ ಬಲಗೈಯಲ್ಲಿ ಹಿಡಿದು ಒತ್ತಿದಳು. ಅಲಗುಗಳು ಒಂದಕ್ಕೊಂದು ತಾಗದೆ ಸರಿದವು. ಕಾಗದ ನಡುವೆ ನುಸುಳಿ ಮಡಚಿಕೊಂಡಿತು. ಮೊಂಡು. ಒಂದು ಕ್ಷಣ ಬಿಟ್ಟು, ಕತ್ತರಿಯನ್ನು ಎಡಗೈಗೆ ಬದಲಾಯಿಸಿದಳು. ಆ ಕೈಯಲ್ಲಿ ಅವಳು ಹುಟ್ಟಿದಂದಿನಿಂದ ಏನನ್ನೂ ಕತ್ತರಿಸಿದವಳಲ್ಲ, ಬೆರಳು ತೂರಿಸಲೂ ತಡವರಿಸಿದಳು. ಒತ್ತಿದಳು. ಹಾಳೆ ಎರಡಾಗಿ, ಒಂದು ತುಂಡು ಸದ್ದಿಲ್ಲದೆ ನೆಲಕ್ಕೆ ಜಾರಿತು.

ಇಬ್ಬರೂ ಅದನ್ನೇ ನೋಡಿದರು. ಅಕ್ಕನಿಗೆ ಬಟ್ಟೆ ಸುತ್ತಿದ ಆ ಬಲ ಹೆಬ್ಬೆರಳು ಕಣ್ಣ ಮುಂದೆ ಬಂತು. ಮೂರು ತಿಂಗಳಿಂದ ಬೇರೆಯವರ ಕತ್ತರಿಯಲ್ಲಿ, ಬಾರದ ಕೈಯಲ್ಲಿ ದುಡಿಯುತ್ತಿರುವ ಬೆರಳು.

"ಎಡಗೈದು ಅಂತ ಕಿಟಕೀಲಿ ಯಾಕೆ ಹೇಳ್ಲಿಲ್ಲ ಆ ಮನುಷ್ಯ?" ಎಂದಳು. ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ.

"ಮೂರು ಸಲ ಇಲ್ಲ ಅಂತು ಪರದೆ. ಆ ಮಾತು ಹೇಳಿದ್ರೆ ಇಲ್ಲಿ ಏನೂ ಸಿಗಲ್ಲ ಅಂದ್ಕೊಂಡಿರ್ಬೇಕು."

ಅಕ್ಕ ದಪ್ಪ ಪುಸ್ತಕ ತೆರೆದು, 'ಮೊಂಡು' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ 'ಎಡಗೈಯದು, ಹರಿತ' ಎಂದು ಬರೆದು ರುಜು ಹಾಕಿದಳು. ಪುಸ್ತಕದಲ್ಲಿ ಅವಳು ತನ್ನ ಮಾತನ್ನು ತಾನೇ ಹೊಡೆದುಹಾಕಿದ್ದು ಅಪರೂಪ.

"ಆ ಇಳಿಬೀಳೋ ಸಾಲನ್ನ ಇವತ್ತೇ ತೆಗೀರಿ. ಕಳ್ಳರಿಗೆ ಬಾಯಿ ಕೊಡುತ್ತೆ, ಸಾಚಾ ಜನರ ಬಾಯಿ ಕಿತ್ಕೊಳ್ಳುತ್ತೆ."

"ಆರ್ಡರ್ ಬರ್ದೇ ತೆಗೆದ್ರೆ ನನ್ನ ಕೇಳ್ತಾರೆ ಅಕ್ಕ."

"ಕಿಟಕಿಯವಳು ಗಲಾಟೆ ಮಾಡಿದ್ಲು ಅಂತ ಹೇಳಿ. ನನಗೆ ಬರೋ ಕಾಗದ ಹೇಗೂ ಬರುತ್ತೆ."

ಪರದೆಯವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು. "ಏನೂ ಸಿಗಲಿಲ್ಲ ಅಂತ ಬರುತ್ತಲ್ಲ, ಅಲ್ಲಿ ಏನು ಬರೀಲಿ? ನೀವೇ ಹೇಳಿ."

ಅಕ್ಕ ಯೋಚಿಸಿದಳು. ಕಿಟಕಿಯ ಹೊರಗೆ ಯಾರೋ ನಿಂತಿದ್ದಾರೆ, ತಾನು ಒಳಗಿದ್ದೇನೆ ಎಂದುಕೊಂಡು ಹೇಳಿದಳು: "ನಮಗೆ ಗೊತ್ತಾಗ್ಲಿಲ್ಲ. ಕಿಟಕಿಗೆ ಬನ್ನಿ. ಮನೇಲಿ ಹೇಗೆ ಹೇಳ್ತೀರೋ ಹಾಗೇ ಹೇಳಿ."

ಆಕೆ ಅದನ್ನು ಹಾಗೆಯೇ ಒತ್ತಿಕೊಂಡಳು. ಒಂದಕ್ಷರವನ್ನೂ ತಿದ್ದಲಿಲ್ಲ. "ಒಂದು ಟೀ ಕುಡಿದು ಹೋಗು ಮಗಳೇ" ಎಂದಳು ಅಕ್ಕ.

ಕಳೆದ ವಸ್ತುವನ್ನು ವಾರಸುದಾರರ ಬಾಗಿಲಿಗೆ ಒಯ್ದು ಕೊಡುವ ಪದ್ಧತಿ ಇರಲಿಲ್ಲ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹರಾಜಿನ ಗಾಡಿ ಬರುವುದಿತ್ತು. ಸಾಕ್ಷಿ ಸಿಗದ ಮನುಷ್ಯ ಅಷ್ಟರೊಳಗೆ ಬರುತ್ತಾನೆಂಬ ಭರವಸೆ ಇರಲಿಲ್ಲ. ಐದಕ್ಕೆ ಕಿಟಕಿ ಮುಚ್ಚಿ, ಗಂಟನ್ನೂ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು, ಫಾರಮಿನಲ್ಲಿದ್ದ ವಿಳಾಸ ಹಿಡಿದು ಅಕ್ಕ ಬಸ್ ಹತ್ತಿದಳು. ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ದಾರಿಯುದ್ದಕ್ಕೂ ಹಳೇ ಅನುಮಾನದ ಹುಳ ಒಳಗೆ ಕೊರೆಯುತ್ತಲೇ ಇತ್ತು. ಪರದೆ ಮುಂದೆ ಆ ಹೊತ್ತಿಗೆ ನಿಂತಿದ್ದವನು ಬೇರೆ ಯಾರಾದರೂ ಆಗಿದ್ದರೆ? ಇವನು ಅವನ ಹಿಂದೆ ನಿಂತು ನೋಡಿದವನಾಗಿದ್ದರೆ? ಈ ವಿಳಾಸದಲ್ಲಿ ಅಂಗಡಿಯೇ ಇಲ್ಲದಿದ್ದರೆ?

ಅಂಗಡಿ ಇತ್ತು. ಎರಡು ಕಟ್ಟಡಗಳ ನಡುವೆ ಒತ್ತಿಕೊಂಡ ಕಿರಿದಾದ ಜಾಗ, ಗಾಜಿನ ಬಾಗಿಲು. ಅವಳು ಒಳಗೆ ಹೋಗಲಿಲ್ಲ. ಬೀದಿಯ ಆಚೆ ಬದಿಯಲ್ಲಿ ನಿಂತು ನೋಡಿದಳು. ದರ್ಜಿ ಒಬ್ಬನೇ ಇದ್ದ. ಬೂದು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ, ಎಡಗೈಯಲ್ಲಿ, ಒಂದೇ ಎಳೆತಕ್ಕೆ, ನೀರು ಹರಿದಂತೆ. ಆಮೇಲೆ ಕತ್ತರಿಯನ್ನು ಬಲಗೈಗೆ ತೆಗೆದುಕೊಂಡು, ಬಟ್ಟೆ ಸುತ್ತಿದ ಹೆಬ್ಬೆರಳನ್ನು ತೂರಿಸಿ, ಹಲ್ಲು ಕಚ್ಚಿ, ಆ ಗೆರೆಯ ಮೇಲೆ ಒಂದೊಂದೇ ಬೆರಳಷ್ಟು ಕತ್ತರಿಸುತ್ತಾ ಹೋದ. ನಾಲ್ಕು ಸಲ ಕತ್ತರಿಸಿ ನಿಂತ. ಕೈ ಕೊಡವಿದ. ಮತ್ತೆ ಬಾಗಿದ.

ಅಕ್ಕ ಬೀದಿ ದಾಟಿ ಬಾಗಿಲು ತಳ್ಳಿದಳು.

ಆತ ತಲೆಯೆತ್ತಿ, ಗುರುತು ಹಿಡಿದು, ಗಾಬರಿಯಿಂದ ಎದ್ದು ನಿಂತ. "ಅಮ್ಮಾ... ನಾನು ಇನ್ನೂ ಸಾಕ್ಷಿ ಹುಡುಕ್ತಾ ಇದ್ದೀನಿ. ಶುಕ್ರವಾರ ಅಂತ ಹೇಳಿದ್ರಲ್ಲ."

"ಪುಸ್ತಕದಲ್ಲಿ ತಪ್ಪು ಬರೆದಿತ್ತು ಯಜಮಾನ್ರೇ. ಬರೆದವಳು ನಾನು. ಅಷ್ಟು ಜನರ ಮುಂದೆ ನಿಮಗೆ ಹಾಗಂದವಳೂ ನಾನೇ."

ಆತ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟ.

ಅಕ್ಕ ಗಂಟು ಬಿಚ್ಚಿದಳು. ಹಿಡಿಯನ್ನು ಆತನ ಎಡಗೈಯ ಕಡೆಗೆ ತಿರುಗಿಸಿ, ಅಲಗನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು, ಆತ ಹಿಡಿದುಕೊಳ್ಳುವವರೆಗೂ ಹಾಗೆಯೇ ಚಾಚಿ ನಿಂತಳು.